ಬಗ್ಗಿ ಕಾಲು ಮುಟ್ಟಿದ್ರೆ ವಾರ್ಮ್ ಅಪ್ ಆಗಲ್ಲ

ಹೋದ ವರ್ಷ ಬ್ರಾಂಚ್‌ಗಳ ನಡುವಿನ 4×100 ರಿಲೇಯಲ್ಲಿ ನಾನು ಮೂರನೇಯವನು. ಹೀಟ್ಸ್ ಇದ್ದದ್ದು ಸಂಜೆ 4:30ಕ್ಕೆ. ಅದಕ್ಕೆ ಮುಂಚೆ ಪೂರಾ ಮೂರು ಗಂಟೆ ಡ್ರಾಯಿಂಗ್ ಲ್ಯಾಬ್‌ನಲ್ಲಿ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದೆ. ಲ್ಯಾಬ್ ಮುಗಿದ ತಕ್ಷಣ ಗ್ರೌಂಡಿಗೆ ಓಡಿ, ಬ್ಯಾಗ್ ಗ್ಯಾಲರಿ ಮೇಲೆ ಬಿಸಾಕಿ, ಶೂ ಲೇಸ್ ಕಟ್ಟಿ, ಸ್ಕೂಲಲ್ಲಿ ಪಿಟಿ ಸರ್ ಹೇಳಿಕೊಟ್ಟ ಹಾಗೆ ಬಗ್ಗಿ ಕಾಲ್ಬೆರಳು ಹಿಡಿದು ಮೂವತ್ತು ಎಣಿಸಿದೆ. ಆ ಕಡೆ ಮೂವತ್ತು, ಈ ಕಡೆ ಮೂವತ್ತು. ವಾರ್ಮ್ ಅಪ್ ಮುಗೀತು ಅಂದುಕೊಂಡೆ.

ಬೇಟನ್ ಕೈಗೆ ಸಿಕ್ಕಿ ಇನ್ನೂ 40 ಮೀಟರ್ ಕೂಡ ಓಡಿರಲಿಲ್ಲ. ಬಲ ತೊಡೆ ಹಿಂದೆ ಯಾರೋ ಕಲ್ಲಲ್ಲಿ ಹೊಡೆದ ಹಾಗಾಯ್ತು. ನಿಜವಾಗಲೂ ಹಿಂದೆ ತಿರುಗಿ ನೋಡಿದೆ, ಯಾರು ಹೊಡೆದಿದ್ದು ಅಂತ. ಆಮೇಲೆ ಕಾಲು ಊರೋಕೇ ಆಗಲಿಲ್ಲ. ನಾಲ್ಕನೇ ಲೆಗ್‌ನಲ್ಲಿ ಕೈ ಚಾಚಿ ನಿಂತಿದ್ದ ನನ್ನ ರೂಮ್‌ಮೇಟ್ ಹಾಗೇ ನಿಂತಿದ್ದ. ಅವನ ಮುಖ ಇವತ್ತಿಗೂ ನೆನಪಿದೆ.

ಗ್ಯಾಲರಿಯಲ್ಲಿದ್ದ ಎಲ್ಲರೂ "ನರ ಹಿಡ್ಕೊಂಡಿದೆ, ಮುಲಾಮು ಹಚ್ಚಿ ತಿಕ್ಕು" ಅಂದರು. ನಮ್ಮಲ್ಲಿ ಸ್ನಾಯುವಿಗೆ ಏನೇ ಆದ್ರೂ ನರಕ್ಕೆ ಆಯ್ತು ಅಂತಲೇ ಹೇಳೋದು. ಅದು ನರ ಅಲ್ಲ, ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಮಾರನೇ ದಿನ ಫಿಸಿಯೋ ಹತ್ರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ:

"ಓಡೋಕೆ ಮುಂಚೆ ಏನ್ ಮಾಡಿದ್ರಿ?"

"ವಾರ್ಮ್ ಅಪ್ ಮಾಡಿದ್ದೆ ಮೇಡಂ."

"ಏನೇನು ಮಾಡಿದ್ರಿ ಹೇಳಿ ನೋಡೋಣ."

ಹೇಳಿದೆ. ಅವರು ನಕ್ಕರು. "ಅದು ಸ್ಟ್ರೆಚಿಂಗ್ ಅಪ್ಪಾ. ಮೈ ಬೆಚ್ಚಗಾಗೋ ಅಂಥದ್ದು ಏನಾದ್ರೂ ಮಾಡಿದ್ರಾ ಅಂತ ಕೇಳ್ತಿರೋದು."

ಮಾಡಿರಲಿಲ್ಲ. ಆರು ವಾರ ಓಡೋ ಹಾಗಿರಲಿಲ್ಲ. ಅಷ್ಟರಲ್ಲಿ ಕಾಲೇಜ್ ಟೀಮ್ ಸೆಲೆಕ್ಷನ್ ಮುಗಿದು, ನನ್ನ ಜಾಗಕ್ಕೆ ಬೇರೆಯವನು ಬಂದು, ಮೀಟ್ ಕೂಡ ಮುಗಿದಿತ್ತು. ಆ ಆರು ವಾರದಲ್ಲಿ ಬೇರೆ ಕೆಲಸ ಇಲ್ಲದೆ ಈ ವಿಷಯ ಓದಿದೆ. ಓದಿದ್ದನ್ನ ಬರೀತಿದ್ದೀನಿ. ಸಂಜೆ ಕ್ಲಾಸ್ ಬಿಟ್ಟು ಸೀದಾ ಗ್ರೌಂಡಿಗೋ ಜಿಮ್ಮಿಗೋ ಹೋಗೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಅವರಲ್ಲಿ ಮುಕ್ಕಾಲು ಜನ ಮಾಡೋದು ನಾನು ಮಾಡಿದ್ದನ್ನೇ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ವಾರ್ಮ್ ಅಪ್ ಅನ್ನೋದು ಬರೀ ಮಾತಲ್ಲ, ಅಕ್ಷರಶಃ ಬಿಸಿ ಮಾಡೋದು. ಸುಮ್ಮನೆ ಕೂತಿರೋವಾಗ ನಮ್ಮ ಕಾಲಿನ ಸ್ನಾಯುಗಳ ಉಷ್ಣತೆ ದೇಹದ ಒಳಗಿನ 37 ಡಿಗ್ರಿಗಿಂತ ಕಡಿಮೆ ಇರತ್ತೆ, ಸುಮಾರು 35-36 ಡಿಗ್ರಿ. ಚಳಿಗಾಲದ ಬೆಳಗ್ಗೆ ಇನ್ನೂ ಕಡಿಮೆ. ಹತ್ತು ನಿಮಿಷ ಹದವಾಗಿ ಓಡಿದರೆ ಅದು ಎರಡು ಮೂರು ಡಿಗ್ರಿ ಏರತ್ತೆ. ಎರಡು ಡಿಗ್ರಿಯಲ್ಲಿ ಏನು ಮಹಾ ವ್ಯತ್ಯಾಸ ಅಂತ ನನಗೂ ಅನ್ನಿಸಿತ್ತು. ಆದರೆ ಸ್ನಾಯುವಿನ ಕೆಲಸ ಪೂರ್ತಿ ನಡೆಯೋದು ರಾಸಾಯನಿಕ ಕ್ರಿಯೆಗಳಿಂದ, ಕ್ರಿಯೆಯ ವೇಗ ಉಷ್ಣತೆ ಜೊತೆ ಏರತ್ತೆ ಅನ್ನೋದು ಪಿಯುಸಿ ಕೆಮಿಸ್ಟ್ರಿ. ನರದಲ್ಲಿ ಸಂದೇಶ ಹೋಗೋ ವೇಗವೂ ಹೆಚ್ಚಾಗತ್ತೆ. ರಕ್ತದ ಹಿಮೋಗ್ಲೋಬಿನ್ ಬಿಸಿ ಸ್ನಾಯುವಿನಲ್ಲಿ ಆಮ್ಲಜನಕವನ್ನ ಸುಲಭವಾಗಿ ಬಿಟ್ಟುಕೊಡತ್ತೆ. ಜಿಗಿತ, ಸ್ಪ್ರಿಂಟ್ ತರಹದ ಕೆಲಸಗಳಲ್ಲಿ ಸ್ನಾಯು ಒಂದು ಡಿಗ್ರಿ ಬಿಸಿಯಾದರೆ ಸಾಮರ್ಥ್ಯ ಶೇಕಡಾ 2ರಿಂದ 5ರಷ್ಟು ಹೆಚ್ಚುತ್ತದೆ ಅಂತ ಪ್ರಯೋಗಗಳು ಹೇಳುತ್ತವೆ. 100 ಮೀಟರ್ ಓಟದಲ್ಲಿ ಶೇಕಡಾ 2 ಅಂದ್ರೆ ಮೊದಲನೇಯವನಿಗೂ ನಾಲ್ಕನೇಯವನಿಗೂ ಇರೋ ಅಂತರ. ಇದೇನೂ ಹೊಸ ಜ್ಞಾನ ಅಲ್ಲ, ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬೋಯೆ ಅನ್ನೋ ಇಬ್ಬರು 1945ರಲ್ಲೇ ದೇಹದ ಉಷ್ಣತೆಗೂ ಕೆಲಸದ ಸಾಮರ್ಥ್ಯಕ್ಕೂ ಇರೋ ಸಂಬಂಧದ ಬಗ್ಗೆ ಬರೆದಿದ್ದರು.

ಈ ಬಿಸಿ ಎಲ್ಲಿಂದ ಬರತ್ತೆ? ನಮ್ಮ ಸ್ನಾಯು ಒಂದು ಎಂಜಿನ್ ಅಂದುಕೊಂಡರೆ ಅದರ ಎಫಿಷಿಯೆನ್ಸಿ ಅಬ್ಬಬ್ಬಾ ಅಂದ್ರೆ 20-25 ಪರ್ಸೆಂಟ್. ಉಳಿದದ್ದೆಲ್ಲಾ ಶಾಖ. ಥರ್ಮೋಡೈನಮಿಕ್ಸ್ ಕ್ಲಾಸಲ್ಲಿ ಇದನ್ನ ನಷ್ಟ ಅಂತೀವಿ, ಇಲ್ಲಿ ಅದೇ ಲಾಭ. ನೋಟ್‌ಬುಕ್ ಹಿಂದಿನ ಪುಟದಲ್ಲಿ ಒಂದು ಅಂದಾಜು ಲೆಕ್ಕ ಹಾಕಿದ್ದೆ. ನಿಧಾನ ಜಾಗಿಂಗ್‌ನಲ್ಲಿ 60 ಕೆಜಿ ವ್ಯಕ್ತಿಯ ದೇಹ ಕಮ್ಮಿ ಅಂದ್ರೂ 400 ವ್ಯಾಟ್ ಶಾಖ ಹುಟ್ಟಿಸತ್ತೆ ಅಂತ ಇಟ್ಟುಕೊಳ್ಳಿ. ಕೆಲಸ ಮಾಡೋ ಕಾಲಿನ ಸ್ನಾಯು 10 ಕೆಜಿ. ಒಂದು ಕೆಜಿ ಸ್ನಾಯುವನ್ನ ಒಂದು ಡಿಗ್ರಿ ಏರಿಸೋಕೆ ಸುಮಾರು 3.5 ಕಿಲೋಜೂಲ್ ಬೇಕು. ಅಂದ್ರೆ 10 ಕೆಜಿಗೆ 35 ಕಿಲೋಜೂಲ್. ಭಾಗಿಸಿದರೆ ಒಂದು ಡಿಗ್ರಿಗೆ ಒಂದೂವರೆ ನಿಮಿಷ. ಆದರೆ ಹುಟ್ಟಿದ ಶಾಖ ಎಲ್ಲಾ ಅಲ್ಲೇ ಇರಲ್ಲ, ರಕ್ತ ಅದನ್ನ ಮೈಗೆಲ್ಲಾ ಹಂಚತ್ತೆ, ಚರ್ಮದಿಂದ ಹೊರಗೂ ಹೋಗತ್ತೆ. ಹಾಗಾಗಿ ಎರಡು ಮೂರು ಡಿಗ್ರಿಗೆ ಐದರಿಂದ ಹತ್ತು ನಿಮಿಷ ಬೇಕೇ ಬೇಕು. ಎಷ್ಟೇ ಅವಸರ ಇದ್ರೂ ಒಂದು ನಿಮಿಷದಲ್ಲಿ ವಾರ್ಮ್ ಅಪ್ ಮುಗಿಸೋಕೆ ಯಾಕೆ ಆಗಲ್ಲ ಅನ್ನೋದಕ್ಕೆ ಇದೇ ಉತ್ತರ.

ಈಗ ನನ್ನ ಮೂವತ್ತು ಎಣಿಕೆಗೆ ಬನ್ನಿ. ಬಗ್ಗಿ ಕಾಲ್ಬೆರಳು ಹಿಡಿದು ಅಲ್ಲಾಡದೆ ನಿಂತಾಗ ಸ್ನಾಯು ಎಳೆಯಲ್ಪಡತ್ತೆ ನಿಜ, ಆದರೆ ಅದು ಕೆಲಸ ಏನೂ ಮಾಡ್ತಿಲ್ಲ. ಕೆಲಸ ಇಲ್ಲ ಅಂದ್ರೆ ಶಾಖ ಇಲ್ಲ. ಹತ್ತು ನಿಮಿಷ ಅದನ್ನೇ ಮಾಡಿದರೂ ಸ್ನಾಯು ಹೆಚ್ಚುಕಮ್ಮಿ ಮೊದಲಿದ್ದಷ್ಟೇ ತಣ್ಣಗಿರತ್ತೆ. ಇನ್ನೂ ಒಂದು ವಿಷಯ ಇದೆ. ಒಂದೇ ಸ್ನಾಯುವನ್ನ 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆ ಎಳೆದು ಹಿಡಿದರೆ, ಅದಾದ ಕೂಡಲೇ ಅದರ ಬಲ ಶೇಕಡಾ ನಾಲ್ಕೈದರಷ್ಟು ಕಡಿಮೆಯಾಗತ್ತೆ. 30 ಸೆಕೆಂಡಿನ ಒಳಗಿದ್ದರೆ ಅಂಥ ವ್ಯತ್ಯಾಸ ಇಲ್ಲ. ಹಾಗಾಗಿ ನನ್ನ ಮೂವತ್ತು ಎಣಿಕೆ ನನಗೆ ದೊಡ್ಡ ಕೆಡುಕು ಮಾಡಿದೆ ಅಂತಲ್ಲ. ಅದು ಏನೂ ಮಾಡಲಿಲ್ಲ, ನಾನು ಮಾತ್ರ ಏನೋ ಮಾಡಿದೆ ಅಂದುಕೊಂಡೆ, ಅಷ್ಟೇ.

ಆದರೂ ಸ್ಟ್ರೆಚ್ ಮಾಡಿದ್ರೆ ಗಾಯ ಆಗಲ್ಲ ಅಂತ ಎಲ್ಲರೂ ಹೇಳ್ತಾರಲ್ಲ? ಇದನ್ನ ಆಸ್ಟ್ರೇಲಿಯಾದ ಸೈನ್ಯದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಹೊಸದಾಗಿ ಸೇರಿದ 1538 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವ್ಯಾಯಾಮಕ್ಕೆ ಮುಂಚೆ ವಾರ್ಮ್ ಅಪ್ ಜೊತೆ ಕಾಲಿನ ಸ್ಟ್ರೆಚಿಂಗ್, ಇನ್ನೊಂದಕ್ಕೆ ಬರೀ ವಾರ್ಮ್ ಅಪ್. 12 ವಾರ ತರಬೇತಿ. 2000ನೇ ಇಸವಿಯಲ್ಲಿ ಫಲಿತಾಂಶ ಪ್ರಕಟವಾಯ್ತು: ಕಾಲಿನ ಗಾಯಗಳ ಪ್ರಮಾಣದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇರಲಿಲ್ಲ. ಸ್ಟ್ರೆಚಿಂಗ್ ದಂಡ ಅಂತ ನಾನು ಹೇಳ್ತಿಲ್ಲ. ಮೈ ಬಳುಕಬೇಕಾದ ಡಾನ್ಸ್, ಜಿಮ್ನಾಸ್ಟಿಕ್ಸ್‌ನವರಿಗೆ ಅದು ಬೇಕು, ಬೇರೆಯವರೂ ಸಂಜೆ ರೂಮಲ್ಲಿ ಆರಾಮಾಗಿ ಮಾಡಬಹುದು. ಓಡೋಕೆ ಮುಂಚೆ ವಾರ್ಮ್ ಅಪ್ ಜಾಗದಲ್ಲಿ ಅದನ್ನ ತಂದು ಕೂರಿಸೋದು ಮಾತ್ರ ತಪ್ಪು.

ಹ್ಯಾಮ್‌ಸ್ಟ್ರಿಂಗ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಅದು ನನ್ನದು. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ ಬರತ್ತೆ. ಹಿಮ್ಮಡಿ ನೆಲ ಮುಟ್ಟೋಕೆ ಇನ್ನೇನು ಸ್ವಲ್ಪ ಮುಂಚೆ, ಮುಂದಕ್ಕೆ ಹಾರುತ್ತಿರೋ ಕೆಳಗಾಲನ್ನ ಹಿಂದಿನಿಂದ ಹಿಡಿದು ನಿಲ್ಲಿಸೋ ಕೆಲಸ ಹ್ಯಾಮ್‌ಸ್ಟ್ರಿಂಗ್‌ದು. ಆ ಕ್ಷಣದಲ್ಲಿ ಅದು ಉದ್ದವಾಗ್ತಾನೂ ಇರತ್ತೆ, ಬಲವಾಗಿ ಎಳೀತಾನೂ ಇರತ್ತೆ. ಹಗ್ಗ ಜಗ್ಗಾಟದಲ್ಲಿ ಸೋಲ್ತಿರೋ ತಂಡ ಹೇಗೆ ಕಾಲು ಜಾರಿದ್ರೂ ಹಗ್ಗ ಬಿಡದೆ ಎಳೆಯತ್ತೋ ಹಾಗೆ. ಸ್ಪ್ರಿಂಟ್‌ನಲ್ಲಿ ಈ ಸ್ನಾಯು ಹರಿಯೋದು ಹೆಚ್ಚಾಗಿ ಇದೇ ಹಂತದಲ್ಲಿ. ಬಗ್ಗಿ ನಿಂತು ಎಳೆದಾಗ ಇಂಥ ಕೆಲಸದ ಅಭ್ಯಾಸ ಸ್ನಾಯುವಿಗೆ ಒಂದು ಚೂರೂ ಆಗಲ್ಲ. ನಿಧಾನ ಓಟ, ಸ್ವಲ್ಪ ಜೋರು, ಇನ್ನೂ ಜೋರು ಅಂತ ಮೂರ್ನಾಲ್ಕು ಸಲ ಓಡಿದಾಗ ಮಾತ್ರ ಆಗತ್ತೆ. ನಾನು ಅವತ್ತು ಓಡಿದ ಮೊದಲ ಹೆಜ್ಜೆಯೇ ಫುಲ್ ಸ್ಪೀಡ್ ಹೆಜ್ಜೆ.

ಕೀಲುಗಳ ವಿಷಯ ನಮ್ಮ ಫ್ಲುಯಿಡ್ ಮೆಕ್ಯಾನಿಕ್ಸ್ ಸಿಲಬಸ್ ಒಳಗೇ ಬರತ್ತೆ. ಮಂಡಿ, ಸೊಂಟ, ಭುಜದ ಕೀಲುಗಳ ಒಳಗೆ ಮೊಟ್ಟೆಯ ಬಿಳಿಯಂಥ ಒಂದು ಅಂಟು ದ್ರವ ಇದೆ, ಸೈನೋವಿಯಲ್ ಫ್ಲುಯಿಡ್. ಇದು ನಾನ್-ನ್ಯೂಟೋನಿಯನ್, ಅದರಲ್ಲೂ ಶಿಯರ್ ಥಿನ್ನಿಂಗ್ ಜಾತಿ. ಅಲ್ಲಾಡಿಸದೆ ಇಟ್ಟರೆ ಗಟ್ಟಿ, ಅಲ್ಲಾಡಿಸಿದಷ್ಟೂ ತೆಳು. ಟೊಮೆಟೊ ಕೆಚಪ್ ಬಾಟಲಿ ಹಾಗೆ. ಮೂರು ಗಂಟೆ ಕೂತು ಎದ್ದಾಗ ಮಂಡಿ ಹಿಡಿದ ಹಾಗೆ ಅನ್ನಿಸೋದು, ನಾಲ್ಕು ಹೆಜ್ಜೆ ನಡೆದ ಮೇಲೆ ಸಲೀಸಾಗೋದು ಎಲ್ಲರಿಗೂ ಗೊತ್ತಿರೋ ಅನುಭವ. ಅಪ್ಪ ಚಳಿಗಾಲದಲ್ಲಿ ಹಳೇ ಬೈಕ್ ಸ್ಟಾರ್ಟ್ ಮಾಡಿ ಎರಡು ನಿಮಿಷ ಹಾಗೇ ಬಿಡ್ತಿದ್ದರು. "ಆಯಿಲ್ ಎಲ್ಲಾ ಕಡೆ ಹೋಗ್ಲಿ ತಡಿ" ಅನ್ನೋರು. ಬೈಕ್‌ಗೆ ತೋರಿಸೋ ಕರುಣೆ ನಾವು ಮಂಡಿಗೆ ತೋರಿಸಲ್ಲ.

ಇನ್ನು ಹೃದಯ. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡತ್ತೆ, ಅದರಲ್ಲಿ ಸ್ನಾಯುಗಳಿಗೆ ಹೋಗೋದು ಐದನೇ ಒಂದು ಭಾಗ. ಜೋರಾದ ವ್ಯಾಯಾಮದಲ್ಲಿ ಇದು 20 ಲೀಟರ್ ದಾಟಿ, ಅದರ ಬಹುಪಾಲು ಸ್ನಾಯುಗಳಿಗೇ ಹೋಗಬೇಕು. ಅಂದ್ರೆ ಇಡೀ ಪೈಪ್‌ಲೈನ್ ವ್ಯವಸ್ಥೆಯೇ ದಿಕ್ಕು ಬದಲಿಸಬೇಕು. ರಕ್ತನಾಳಗಳು ಹಿಗ್ಗೋಕೆ ಸ್ವಲ್ಪ ಸಮಯ ಹಿಡಿಯತ್ತೆ. ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಗಂಡಸರನ್ನ ಯಾವ ತಯಾರಿಯೂ ಇಲ್ಲದೆ ಟ್ರೆಡ್‌ಮಿಲ್ ಮೇಲೆ ಒಮ್ಮೆಲೇ ಜೋರಾಗಿ ಓಡಿಸಿದರು, ಬರೀ ಹತ್ತು ಹದಿನೈದು ಸೆಕೆಂಡು. ಅವರಲ್ಲಿ ತುಂಬಾ ಜನರ ಇಸಿಜಿಯಲ್ಲಿ ಏರುಪೇರು ಕಂಡಿತು. ಮೊದಲು ಹಗುರವಾಗಿ ಓಡಿಸಿ ಆಮೇಲೆ ಅದೇ ಪರೀಕ್ಷೆ ಮಾಡಿದಾಗ ಆ ಏರುಪೇರು ಬಹಳ ಕಡಿಮೆಯಾಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತೋರಿಸೋಕೆ ಜನ ಸಾಲುಗಟ್ಟಿದ್ದು, ನಮ್ಮ ಮನೆಯಲ್ಲಿ ಅಮ್ಮ "ಜಿಮ್ ಗಿಮ್ ಏನೂ ಬೇಡ" ಅಂದಿದ್ದು ಎರಡೂ ನೆನಪಿದೆ. ಎಷ್ಟೋ ಮನೆಗಳಲ್ಲಿ ಆ ಭಯ ಇನ್ನೂ ಹೋಗಿಲ್ಲ. ಆ ಸಾವಿಗೂ ವಾರ್ಮ್ ಅಪ್‌ಗೂ ಗಂಟು ಹಾಕೋದು ತಪ್ಪು, ನಾನು ಹಾಕ್ತಾನೂ ಇಲ್ಲ. ವಾರ್ಮ್ ಅಪ್ ಹೃದಯದ ಕಾಯಿಲೆಗೆ ಮದ್ದಲ್ಲ. ಆಡುವಾಗ ಎದೆ ನೋವು, ತಲೆ ಸುತ್ತು ಬಂದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ, ಗ್ರೌಂಡಿಗೆ ಅಲ್ಲ, ಮೊದಲು ಡಾಕ್ಟರ್ ಹತ್ರ ಹೋಗಬೇಕು. ತೊಂದರೆ ಇಲ್ಲದವರೂ ಸೊನ್ನೆಯಿಂದ ನೂರಕ್ಕೆ ಒಂದೇ ಏಟಿಗೆ ಹೋಗಬಾರದು ಅನ್ನೋದಷ್ಟೇ ನನ್ನ ಮಾತು.

ಹಾಗಾದ್ರೆ ಸರಿಯಾದ ಕ್ರಮ ಯಾವುದು? ಇದಕ್ಕೆ ನನಗೆ ಅತ್ಯುತ್ತಮ ಉತ್ತರ ಸಿಕ್ಕಿದ್ದು ಯೂಟ್ಯೂಬ್‌ನಲ್ಲಿ ಅಲ್ಲ, ದಸರಾ ರಜೆಯಲ್ಲಿ ರೂಮ್‌ಮೇಟ್ ಮನೆಗೆ ಮೈಸೂರಿಗೆ ಹೋದಾಗ. (ಬೇಟನ್‌ಗೆ ಕೈ ಚಾಚಿ ನಿಂತಿದ್ದನಲ್ಲ, ಅವನೇ.) ಅವನ ತಾತ ಒಂದು ಕಾಲದಲ್ಲಿ ಪೈಲ್ವಾನ್. ದೊಡ್ಡಕೆರೆ ಮೈದಾನದ ದಸರಾ ಕುಸ್ತಿ ತೋರಿಸೋಕೆ ಕರೆದುಕೊಂಡು ಹೋಗೋ ಮುಂಚೆ, ಬೆಳಗ್ಗೆ ಆರಕ್ಕೆ ತಮ್ಮ ಹಳೇ ಗರಡಿ ಮನೆಗೆ ಕರೆದೊಯ್ದರು. ಒಳಗೆ ಕೆಮ್ಮಣ್ಣಿನ ಮಟ್ಟಿ, ಎಣ್ಣೆ ಅರಿಸಿನದ ವಾಸನೆ, ಗೋಡೆಗೆ ಒರಗಿಸಿಟ್ಟ ಗದೆಗಳು. ಹುಡುಗರು ಬಂದ ತಕ್ಷಣ ಕುಸ್ತಿಗೆ ಇಳಿಯಲಿಲ್ಲ. ಮೊದಲು ಗುದ್ದಲಿ ಹಿಡಿದು ಮಟ್ಟಿಯ ಮಣ್ಣು ಅಗೆದು ಸಡಿಲ ಮಾಡಿದರು. ಆಮೇಲೆ ಬಸ್ಕಿ, ದಂಡ. ಮೊದಲು ನಿಧಾನ, ಬರ್ತಾ ಬರ್ತಾ ಜೋರು. ಆಮೇಲೆ ಜೋಡಿ ಜೋಡಿಯಾಗಿ ಒಬ್ಬರ ಕತ್ತು ಒಬ್ಬರು ಹಿಡಿದು, ಅರ್ಧ ಬಲದಲ್ಲಿ ಪಟ್ಟು ಹಾಕೋದು ಬಿಡಿಸೋದು. ಇದೆಲ್ಲಾ ಆಗಿ ಮೈ ಬೆವೆತ ಮೇಲೆ ನಿಜವಾದ ಕುಸ್ತಿ.

ನನ್ನ ಕಾಲಿನ ಕಥೆ ಕೇಳಿ ತಾತ ಅಂದಿದ್ದು: "ಮೈ ಬಿಸಿ ಆಗ್ದೇ ಮಟ್ಟಿಗೆ ಇಳಿದ್ರೆ ಉಸ್ತಾದ್ರು ಕಿವಿ ಹಿಂಡಿ ಆಚೆ ಕಳಿಸೋರು ಮಗ. ನೀವು ಲ್ಯಾಬಿಂದ ಎದ್ದು ಸೀದಾ ಓಡ್ತೀರಾ?"

ಸ್ಕೂಲಲ್ಲಿ ನಮಗೆ ಬಸ್ಕಿ ಅಂದ್ರೆ ಹೋಮ್‌ವರ್ಕ್ ಮಾಡದವರಿಗೆ ಕೊಡೋ ಶಿಕ್ಷೆ. ಅದೊಂದು ಒಳ್ಳೇ ವಾರ್ಮ್ ಅಪ್ ಅಂತ ಗೊತ್ತಾಗೋಕೆ 19 ವರ್ಷ ಬೇಕಾಯ್ತು.

ಗರಡಿಯಲ್ಲಿ ನೋಡಿದ್ದನ್ನೇ ಇವತ್ತಿನ ಕ್ರೀಡಾ ವಿಜ್ಞಾನದವರು ಬೇರೆ ಹೆಸರಿಟ್ಟು ಹೇಳ್ತಾರೆ. ಬ್ರಿಟನ್ನಿನ ಇಯಾನ್ ಜೆಫ್ರೀಸ್ ಅನ್ನೋ ತರಬೇತುದಾರ 2007ರ ಹೊತ್ತಿಗೆ ಇದಕ್ಕೆ ರ‍್ಯಾಂಪ್ ಅಂತ ಹೆಸರು ಕೊಟ್ಟ. ಮೊದಲು ಮೈ ಬಿಸಿ ಮತ್ತು ನಾಡಿ ಏರಿಸೋದು, ನಂತರ ಬೇಕಾದ ಸ್ನಾಯುಗಳನ್ನ ಎಬ್ಬಿಸಿ ಕೀಲುಗಳನ್ನ ಆಡಿಸೋದು, ಕೊನೆಗೆ ಆಡೋ ಆಟವನ್ನೇ ಕಡಿಮೆ ವೇಗದಿಂದ ಪೂರ್ತಿ ವೇಗದವರೆಗೆ ತರೋದು. ಮಣ್ಣು ಅಗೆಯೋದು, ಬಸ್ಕಿ-ದಂಡ, ಅರ್ಧ ಬಲದ ಪಟ್ಟು. ಲೆಕ್ಕ ಸರಿಹೋಯ್ತಲ್ಲ?

ನಮ್ಮ ರಿಲೇ ಟೀಮ್ ಈಗ ಮಾಡೋದನ್ನ ಹೇಳ್ತೀನಿ. ಒಟ್ಟು ಹದಿನೈದು ನಿಮಿಷ. ಮೊದಲ ಐದು ನಿಮಿಷ ಗ್ರೌಂಡ್ ಸುತ್ತ: ಒಂದು ಸುತ್ತು ಬಿರುಸು ನಡಿಗೆ, ಆಮೇಲೆ ಜಾಗಿಂಗ್. ಪಕ್ಕದವನ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು, ಅಷ್ಟು ವೇಗ. ಹಣೆಯಲ್ಲಿ ಸಣ್ಣಗೆ ಬೆವರು ಕಂಡರೆ ಈ ಹಂತ ಮುಗಿದ ಹಾಗೆ. ಮುಂದಿನ ಐದಾರು ನಿಮಿಷ ನಿಲ್ಲದೆ ಚಲಿಸೋ ಅಭ್ಯಾಸಗಳು. ಕಂಬ ಹಿಡಿದು ಕಾಲನ್ನ ಗಡಿಯಾರದ ಲೋಲಕದ ತರಹ ಹಿಂದೆ ಮುಂದೆ ಬೀಸೋದು, ಆಮೇಲೆ ಅಡ್ಡಡ್ಡ, ಒಂದೊಂದು ಕಾಲಿಗೆ ಹತ್ತು ಹನ್ನೆರಡು ಸಲ. ಉದ್ದ ಹೆಜ್ಜೆ ಇಟ್ಟು ಮಂಡಿ ಬಗ್ಗಿಸಿ ಸೊಂಟದ ಮೇಲಿನ ಭಾಗ ತಿರುಗಿಸ್ತಾ ನಡೆಯೋದು. ಹತ್ತು ಹದಿನೈದು ಬಸ್ಕಿ. ಮಂಡಿ ಎತ್ತೆತ್ತಿ ಓಡೋದು, ಹಿಮ್ಮಡಿ ಹಿಂದಕ್ಕೆ ತಾಗೋ ಹಾಗೆ ಓಡೋದು. ಇವೂ ಎಳೆತವೇ, ಆದರೆ ಕೆಲಸ ಮಾಡ್ತಾ ಎಳೆಯೋದು, ಹಾಗಾಗಿ ಬಿಸಿ ಆರಲ್ಲ. ಕೊನೆಗೆ 50-60 ಮೀಟರ್‌ನ ನಾಲ್ಕು ಓಟ: ಮೊದಲನೇದು ಅರ್ಧ ವೇಗ, ಆಮೇಲೆ ಶೇಕಡಾ 70, ಆಮೇಲೆ 80, ಕೊನೇದು 90. ನಡುವೆ ನಡೆದುಕೊಂಡು ವಾಪಸ್. ಈ ಕೊನೇ ಭಾಗವನ್ನೇ ಎಲ್ಲರೂ ಬಿಡೋದು, ಸುಸ್ತಾಗತ್ತೆ ಅಂತ. ಹೊಸಬರಿಗೆ ಸ್ವಲ್ಪ ಸುಸ್ತಾಗೋದು ನಿಜ, ಎರಡು ವಾರದಲ್ಲಿ ಸರಿಹೋಗತ್ತೆ. ಸ್ಪ್ರಿಂಟ್ ಮಾಡೋರು ಬೇರೆ ಏನು ಬಿಟ್ಟರೂ ಇದನ್ನ ಬಿಡಬಾರದು ಅನ್ನೋದು ಸ್ವಂತ ತೊಡೆ ಕೊಟ್ಟು ಕಲಿತ ಅಭಿಪ್ರಾಯ.

ಬೇರೆ ಆಟದವರಿಗೂ ತತ್ವ ಇದೇ, ಕೊನೆಯ ಹಂತ ಮಾತ್ರ ಬದಲಾಗತ್ತೆ. ಫಾಸ್ಟ್ ಬೌಲರ್ ಅರ್ಧ ರನ್ ಅಪ್‌ನಿಂದ ನಿಧಾನ ಬಾಲ್ ಹಾಕಿ ಏರಿಸಬೇಕು. ಕಬಡ್ಡಿಯವರು ಪಕ್ಕಕ್ಕೆ ಹೆಜ್ಜೆ, ಥಟ್ ಅಂತ ನಿಲ್ಲೋದು, ತಿರುಗೋದು ಮಾಡಬೇಕು. ಜಿಮ್‌ನಲ್ಲಿ 70 ಕೆಜಿ ಸ್ಕ್ವಾಟ್ ಮಾಡೋನು ಟ್ರೆಡ್‌ಮಿಲ್ ಮೇಲೆ ಐದು ನಿಮಿಷ ಫೋನ್ ನೋಡ್ತಾ ನಡೆದು ಸೀದಾ 70ಕ್ಕೆ ಕೈ ಹಾಕಬಾರದು. ಖಾಲಿ ಬಾರ್ 20 ಕೆಜಿ ಹತ್ತು ಸಲ, 40 ಕೆಜಿ ಐದು ಸಲ, 55 ಮೂರು ಸಲ, 65 ಒಂದು ಸಲ, ಆಮೇಲೆ 70. ಜಿಮ್ ಕನ್ನಡಿ ಮುಂದೆ ಖಾಲಿ ಬಾರ್ ಎತ್ತೋಕೆ ಮರ್ಯಾದೆ ಅಡ್ಡ ಬರತ್ತೆ, ಗೊತ್ತು. ಷಟಲ್ ಆಡೋರ ಕಷ್ಟ ಬೇರೆ: ಕೋರ್ಟ್ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ತಗೊಂಡಿರ್ತಾರೆ, ಅದರಲ್ಲಿ ಹತ್ತು ನಿಮಿಷ ವಾರ್ಮ್ ಅಪ್‌ಗೆ ಹಾಳು ಮಾಡೋಕೆ ಮನಸ್ಸು ಬರಲ್ಲ. ಕೋರ್ಟ್ ಹೊರಗೆ ರಸ್ತೆ ಇದೆಯಲ್ಲ, ಸ್ಲಾಟ್‌ಗೆ ಹತ್ತು ನಿಮಿಷ ಮುಂಚೆ ಹೋಗಿ ಅಲ್ಲೇ ಓಡಿ. ರಸ್ತೆಗೆ ಬಾಡಿಗೆ ಇಲ್ಲ.

ಇದರಿಂದ ಗಾಯ ನಿಜವಾಗಲೂ ಕಡಿಮೆಯಾಗತ್ತಾ? ಫುಟ್‌ಬಾಲ್‌ನಲ್ಲಿ ಚೆನ್ನಾಗಿ ಅಳೆದಿದ್ದಾರೆ. ಫಿಫಾ 11 ಪ್ಲಸ್ ಅನ್ನೋ 20 ನಿಮಿಷದ ವಾರ್ಮ್ ಅಪ್ ಒಂದಿದೆ. ಎಂಟು ನಿಮಿಷ ನಿಧಾನ ಓಟ ಮತ್ತು ಕೀಲಿನ ಚಲನೆ, ಹತ್ತು ನಿಮಿಷ ಬಲ, ಜಿಗಿತ, ಸಮತೋಲನ, ಕೊನೇ ಎರಡು ನಿಮಿಷ ಜೋರು ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ 1892 ಹುಡುಗಿಯರ ಮೇಲೆ ಒಂದು ಸೀಸನ್ ಪೂರ್ತಿ ಇದನ್ನ ಪರೀಕ್ಷಿಸಿ, 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಈ ವಾರ್ಮ್ ಅಪ್ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ, ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧ. ಒಂದು ರೂಪಾಯಿ ಖರ್ಚಿಲ್ಲ, ಒಂದು ಬಾಲ್ ಇದ್ದರೆ ಸಾಕು. ಆದರೆ ಇದರ ಪೂರ್ತಿ ಶ್ರೇಯಸ್ಸು ಬಿಸಿ ಆಗೋದಕ್ಕೆ ಕೊಡೋ ಹಾಗಿಲ್ಲ, ಮಧ್ಯದ ಬಲದ ಅಭ್ಯಾಸಗಳ ಪಾಲೂ ದೊಡ್ಡದಿದೆ. ಅದರಲ್ಲಿರೋ ನಾರ್ಡಿಕ್ ಅಭ್ಯಾಸವನ್ನೇ ನನಗೂ ಫಿಸಿಯೋ ಕೊಟ್ಟಿದ್ದು: ಮಂಡಿಯೂರಿ ಕೂತು, ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರುವಾಗ, ಮೈ ನೆಟ್ಟಗಿಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ವಾಲೋದು. ಮೊದಲ ದಿನ ಮೂರು ಮಾಡೋವಷ್ಟರಲ್ಲಿ ಮುಖ ನೆಲಕ್ಕೆ ಬಿತ್ತು. ಹಾಗೆ ನೋಡಿದ್ರೆ ನನ್ನ ಗಾಯಕ್ಕೂ ವಾರ್ಮ್ ಅಪ್ ಒಂದೇ ಕಾರಣ ಅನ್ನೋಕಾಗಲ್ಲ. ಹಿಂದಿನ ರಾತ್ರಿ ಎರಡರವರೆಗೆ ರೆಕಾರ್ಡ್ ಬರೆದಿದ್ದೆ, ವಾರಕ್ಕೊಂದು ದಿನವೂ ಸ್ಪ್ರಿಂಟ್ ಪ್ರಾಕ್ಟೀಸ್ ಇರಲಿಲ್ಲ.

ಕೆಲವು ಅಡ್ಡದಾರಿಗಳ ಬಗ್ಗೆ ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ. ಮುಲಾಮು ಹಚ್ಚಿದ್ರೆ ಬಿಸಿ ಆಗಲ್ವಾ? ಚರ್ಮ ಚುರುಗುಟ್ಟತ್ತೆ, ಒಳಗಿನ ಸ್ನಾಯುವನ್ನ ಅದು ಬಿಸಿ ಮಾಡಲ್ಲ. ಬಿಸಿನೀರು ಸ್ನಾನ? ಅದರಿಂದ ಸ್ನಾಯು ಬೆಚ್ಚಗಾಗೋದು ಹೌದು, ಆದರೆ ಹೃದಯ, ನರ, ಕೀಲು ಯಾವುದಕ್ಕೂ ಓಟದ ಅಭ್ಯಾಸ ಆಗಲ್ಲ. ಅದೂ ಅಲ್ಲದೆ ನಮ್ಮ ಹಾಸ್ಟೆಲ್‌ನಲ್ಲಿ ಬಿಸಿನೀರು ಬರೋ ಭಾಗ್ಯ ಯಾರಿಗಿದೆ? ಬೇಸಿಗೆಯಲ್ಲಿ ಬೇಕಾ, ಮೊದಲೇ ಬೆವರ್ತಾ ಇರ್ತೀವಲ್ಲ? ಬೇಕು. ಬಿಸಿಲಲ್ಲಿ ಬೆವರೋದು ಚರ್ಮ, ಸ್ನಾಯು ಇನ್ನೂ ಕೆಲಸ ಶುರು ಮಾಡಿರಲ್ಲ. ರಾಯಚೂರು, ಕಲಬುರಗಿ ಬಿಸಿಲಲ್ಲಿ ಮೊದಲ ಹಂತವನ್ನ ಎರಡು ಮೂರು ನಿಮಿಷಕ್ಕೆ ಇಳಿಸಿ, ನೆರಳಲ್ಲಿ ಮಾಡಿ, ನೀರು ಕುಡೀರಿ. ದೂರದ ಓಟ ಇದ್ದರಂತೂ ಮುಂಚೆಯೇ ಮೈ ಕಾದು ಹೋಗಬಾರದು. ಕೊನೇ ಹಂತ ಮಾತ್ರ ಎಲ್ಲಾ ಊರಲ್ಲೂ ಒಂದೇ.

ನಮ್ಮ ಕಡೆ ಜಾಸ್ತಿ ಕೆಡೋದು ಇನ್ನೊಂದು ಕಡೆ. ಚೆನ್ನಾಗಿ ವಾರ್ಮ್ ಅಪ್ ಮಾಡಿ ಮುಗಿಸಿರ್ತೀವಿ, ಆಮೇಲೆ ಮೈಕ್ ಕೆಟ್ಟಿರತ್ತೆ, ಮುಖ್ಯ ಅತಿಥಿ ಬಂದಿರಲ್ಲ, ಬೇಟನ್ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಅರ್ಧ ಗಂಟೆ ಗ್ಯಾಲರಿಯಲ್ಲಿ ಕೂರ್ತೀವಿ. ಏರಿದ ಬಿಸಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸಾಕಷ್ಟು ಇಳಿದುಬಿಡತ್ತೆ. ಹಾಗಾಗಿ ಈಗ ನಾವು ಕೂರೋದಿಲ್ಲ. ಮೇಲೆ ಜಾಕೆಟ್ ಹಾಕ್ಕೊಂಡು, ಟ್ರ್ಯಾಕ್ ಪ್ಯಾಂಟ್ ಬಿಚ್ಚದೆ, ಅಲ್ಲೇ ಓಡಾಡ್ತಿರ್ತೀವಿ. ಹೆಸರು ಕರೆದಾಗ ಎರಡು ಚಿಕ್ಕ ಓಟ ಓಡಿ ನಿಲ್ಲೋದು. ಮೊದಮೊದಲು ಬೇರೆ ಬ್ರಾಂಚಿನವರು "ಏನ್ರೋ ಮದುವೆ ಡಾನ್ಸ್ ಪ್ರಾಕ್ಟೀಸಾ?" ಅಂತ ಕೂಗ್ತಿದ್ದರು. ಹೋದ ತಿಂಗಳು ಅವರಲ್ಲೇ ಇಬ್ಬರು ಬಂದು ಸಾಲಿನ ಕೊನೆಯಲ್ಲಿ ನಿಂತುಕೊಂಡರು, ಏನೂ ಮಾತಾಡದೆ.

ಈ ಸಲದ ಹೀಟ್ಸ್ ನೋಟಿಸ್ ಬೋರ್ಡ್ ಪ್ರಕಾರ 4:30ಕ್ಕೆ. ನಮ್ಮ ಅನುಭವದ ಪ್ರಕಾರ 5:10ಕ್ಕೆ. ನಾವು 4:15ಕ್ಕೆ ಪೆವಿಲಿಯನ್ ಹಿಂದಿನ ಹೊಂಗೆ ಮರದ ಹತ್ರ ಶುರು ಮಾಡ್ತೀವಿ, ತಡ ಆದ್ರೆ ಕೊನೇ ನಾಲ್ಕು ಓಟ ಇನ್ನೊಂದು ಸಲ. ಯಾವ ಬ್ರಾಂಚ್ ಆದ್ರೂ ಪರವಾಗಿಲ್ಲ, ಬನ್ನಿ. ಲ್ಯಾಬ್ ಇದ್ದರೆ ಹತ್ತು ನಿಮಿಷ ಮುಂಚೆ ಬಿಡಿ ಅಂತ ಸರ್‌ನ ಕೇಳೋ ಜವಾಬ್ದಾರಿ ಮಾತ್ರ ನಿಮ್ಮದು.